ಪರದೆ ಕಪ್ಪಾಗಿದ್ದ ಬೆಳಗುಗಳು

ರಾತ್ರಿ ಒಂದೂವರೆಯ ಹೊತ್ತಿಗೆ ಆ ಸದ್ದು ಮತ್ತೆ ಕೇಳಿಸಿತು. ಟಿಕ್.

ನಲ್ಲಿಯ ಹನಿಯಲ್ಲ, ಹನಿಯ ಸದ್ದಿಗೊಂದು ತೇವ ಇರುತ್ತದೆ. ಗಡಿಯಾರವೂ ಅಲ್ಲ, ಗಡಿಯಾರ ಮಧ್ಯೆ ಇಷ್ಟು ಹೊತ್ತು ಸುಮ್ಮನಿರುವುದಿಲ್ಲ. ಅವಳು ಹೊದಿಕೆಯೊಳಗೇ ಬೆರಳು ಮಡಿಸಿ ಎಣಿಸಿದಳು. ಒಂಬತ್ತಕ್ಕೆ ಬರುವಷ್ಟರಲ್ಲಿ ಇನ್ನೊಂದು ಟಿಕ್. ಮತ್ತೆ ಒಂಬತ್ತು, ಮತ್ತೆ ಟಿಕ್. ಸದ್ದು ಬರುತ್ತಿದ್ದದ್ದು ಕೆಳಗಿನಿಂದ, ಸರಿಯಾಗಿ ಅವಳ ಮಂಚದ ಕೆಳಗಿದ್ದ ಷೆಡ್ಡಿನಿಂದ, ಅಮ್ಮನ ಕಾರಿನಿಂದ.

ಕಾರಿನ ಸದ್ದು ಎಂದು ಗೊತ್ತಾದ ಮೇಲೆ ನಿದ್ದೆ ಬರಬೇಕಿತ್ತು. ಬರಲಿಲ್ಲ. ಆ ಕಾರು ಯಾರಿಂದ ಕೆಟ್ಟಿತು ಎಂಬುದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಎದ್ದಳು. ದೀಪ ಹಾಕದೆ ಮೆಟ್ಟಿಲಿಳಿದಳು. ಮೂರು ವಾರದಿಂದ ಕಳ್ಳಹೆಜ್ಜೆಯಲ್ಲಿ ಹೀಗೆ ಇಳಿದಿಳಿದು ಐದನೆಯ ಮೆಟ್ಟಿಲು ಕಿರುಗುಟ್ಟುತ್ತದೆ ಎಂದು ಕಾಲಿಗೇ ಗೊತ್ತಾಗಿತ್ತು. ಅಡುಗೆಮನೆಯಿಂದ ಷೆಡ್ಡಿಗೆ ಹೋಗುವ ಬಾಗಿಲು ತೆರೆದಿತ್ತು. ಒಳಗೆ ನೀಲಿ ಬೆಳಕೊಂದು ಹೊತ್ತಿ ಆರಿತು. ಆ ಬೆಳಕಿನಲ್ಲಿ, ಡ್ರೈವರ್ ಸೀಟಿನಲ್ಲಿ, ಶಾಲು ಹೊದ್ದುಕೊಂಡು ಅಮ್ಮ ಕೂತಿದ್ದಳು.

ಅವಳು ಬಾಗಿಲಲ್ಲೇ ನಿಂತಳು.

“ಬಾ ಬಾ, ಭೂತ ಅಲ್ಲ, ನಾನೇ” ಎಂದಳು ಅಮ್ಮ ತಿರುಗಿ ನೋಡದೆ. “ನಿನಗೂ ಕೇಳಿಸ್ತಾ?”

“ಏನು?”

“ಸದ್ದು ಕಣೇ. ಟಿಕ್ ಅನ್ನೋದು.”

“ಕೇಳಿಸ್ತು. ಅದಕ್ಕೇ ಎದ್ದು ಬಂದೆ.”

“ಹಾಗಾದ್ರೆ ನನ್ನ ತಲೆಯೊಳಗೆ ಅಲ್ಲ” ಎಂದು ಅಮ್ಮ ಉಸಿರು ಬಿಟ್ಟಳು. ಎಷ್ಟು ಹೊತ್ತಿನಿಂದ ಹಿಡಿದಿಟ್ಟುಕೊಂಡ ಉಸಿರೋ. “ನೋಡು, ಈಗ ಬರುತ್ತೆ.”

ಅವಳು ಪಕ್ಕದ ಸೀಟಿಗೆ ತೂರಿಕೊಂಡಳು. ಆ ಕಾರಿನಲ್ಲಿ ಕೂರುವುದೆಂದರೆ ನೆಲದ ಮೇಲೆ ಕಾಲು ಚಾಚಿ ಕೂತ ಹಾಗೆ. ಎದುರಿಗೆ ಮುಂಗೈಯುದ್ದದ ಪರದೆ. ಅದರ ಮೇಲೆ ಕಂಪನಿಯ ಬೆಳ್ಳಿ ಗುರುತು ಮೂಡಿತು, ನಡುಗಿತು, ಆರಿತು. ಸ್ಪೀಕರಿನೊಳಗೆಲ್ಲೋ ಟಿಕ್ ಎಂದಿತು. ಕಾರಿನ ಹಾಡು, ದಾರಿಯ ನಕ್ಷೆ, ಫೋನು, ಎ.ಸಿ., ಹಿಂದೆ ನೋಡುವ ಕ್ಯಾಮೆರಾ ಎಲ್ಲವೂ ಆ ಪರದೆಯೊಳಗೇ ಇದ್ದವು. ಒಂದು ಗುಂಡಿಯೂ ಹೊರಗಿರಲಿಲ್ಲ.

ಅಮ್ಮನ ತೊಡೆಯ ಮೇಲೆ ಒಂದು ನೋಟ್‌ಬುಕ್ಕಿತ್ತು. ಪೆನ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏನೋ ಬರೆದಳು.

“ಏನದು?”

“ಕಂಪ್ಲೇಂಟ್ ಬುಕ್ಕು.” ಅಮ್ಮ ಅದನ್ನು ಫಕ್ಕನೆ ಮುಚ್ಚಿದಳು. “ಹೋಗಿ ಮಲಗು. ನಾಳೆ ನಿನಗೆ ಕೆಲಸ ಇದೆ. ನನಗೇನು, ಗುರುವಾರದವರೆಗೆ ರಜೆ.”

ಗುರುವಾರ ಹತ್ತು ಗಂಟೆಗೆ ಅಮ್ಮನನ್ನು ನೆನಪಿನ ಡಾಕ್ಟರರಿಗೆ ತೋರಿಸಲು ಅಣ್ಣ ಸಮಯ ಗೊತ್ತು ಮಾಡಿದ್ದ. ಅಮ್ಮ ಬೈಯಬೇಕಿತ್ತು, ಫೋನ್ ಕುಕ್ಕಬೇಕಿತ್ತು. “ಆಗಲಿ ಬಿಡು” ಎಂದಿದ್ದಳು ಅಷ್ಟೆ.

*

ಅಮ್ಮ ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು. ಡಿಪೋದಲ್ಲಿ ಹೆಂಗಸರ ಶೌಚಾಲಯವೂ ಇಲ್ಲದಿದ್ದ ಕಾಲದಲ್ಲಿ ಸ್ಟಿಯರಿಂಗ್ ಹಿಡಿದು, ಅರವತ್ತು ತುಂಬಿದ ದಿನ ಬಿಟ್ಟವಳು. ಬಿಟ್ಟ ಮೇಲೆ ಏಳು ವರ್ಷ ಮನೆಯಲ್ಲಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ತಿರುಗಾಡಿದಳು. “ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗ್ತಿಲ್ಲ” ಎನ್ನುತ್ತಿದ್ದಳು. ಆಮೇಲೆ ಸೋದರಮಾವ ತೀರಿಕೊಂಡ. ಲಿಫ್ಟ್ ಕೂರಿಸುವ ಕಂಪನಿ ನಡೆಸಿ ಒಳ್ಳೆಯ ದುಡ್ಡು ಮಾಡಿದ್ದ, ಮದುವೆ ಮಾಡಿಕೊಂಡಿರಲಿಲ್ಲ. ಎರಡೇ ಸೀಟಿನ, ಮೂಗು ನೆಲಕ್ಕೆ ಮುಟ್ಟುವ ಆ ಕಪ್ಪು ಕಾರನ್ನು ಉಯಿಲಿನಲ್ಲಿ ಅಮ್ಮನ ಹೆಸರಿಗೆ ಬರೆದಿಟ್ಟಿದ್ದ. ಕೆಳಗೆ ಒಂದು ಸಾಲು: ‘ನನಗೆ ಡ್ರೈವಿಂಗ್ ಕಲಿಸಿದವಳು ಇವಳು. ಇದನ್ನು ಓಡಿಸಲು ಬರುವುದೂ ಇವಳೊಬ್ಬಳಿಗೇ.’ ಅದನ್ನು ಓದುವಾಗ ಅಣ್ಣನ ಮುಖ ನೋಡಬೇಕಿತ್ತು. ಕಾರು ತನಗೇ ಎಂದು ಅವನು ಆಗಲೇ ಒಂದು ತಂಪು ಕನ್ನಡಕ ಕೊಂಡಿದ್ದ.

ಅಂದಿನಿಂದ ಅಮ್ಮ ಬೆಳಗಿನ ಐದಕ್ಕೆ ಕಾರು ತೆಗೆದು ಊರ ಹೊರಗಿನ ಖಾಲಿ ರಸ್ತೆಗೆ ಹೋಗಿ ಆರಕ್ಕೆ ಮರಳುತ್ತಿದ್ದಳು. ಹಗಲಲ್ಲಿ ಮುಟ್ಟುತ್ತಿರಲಿಲ್ಲ, ಸಂದಣಿಯಲ್ಲಿ ಆ ಕಾರು ಓಡಿಸುವುದೆಂದರೆ ಕುದುರೆಯ ಕಾಲು ಕಟ್ಟಿ ನಡೆಸಿದ ಹಾಗಂತೆ. ಮುಖದ ಕಳೆಯೇ ಬೇರೆಯಾಯಿತು. ಹಾಡು ಗುನುಗತೊಡಗಿದಳು. ಮಗಳಿಗೂ ಖುಷಿಯಾಗಿತ್ತು, ಒಂದು ದಿನ ಪರದೆಯನ್ನು ಸುಮ್ಮನೆ ಒತ್ತಿ ನೋಡುವವರೆಗೆ. ‘ನಿನ್ನೆಯ ಅತಿ ಹೆಚ್ಚಿನ ವೇಗ’ ಎಂಬಲ್ಲಿ ನೂರ ಎಂಬತ್ತೇಳು ಎಂದಿತ್ತು.

ಅವಳು ಪಠ್ಯಪುಸ್ತಕದ ಪ್ರಕಾಶನದಲ್ಲಿ ಪ್ರೂಫ್ ನೋಡುವವಳು. ತಪ್ಪು ಕಂಡರೆ ಅಂಚಿನಲ್ಲಿ ಗುರುತು ಹಾಕುವುದು ಗೊತ್ತು, ಎದುರು ನಿಂತು ಹೇಳುವುದು ಗೊತ್ತಿಲ್ಲ. ‘ಅಮ್ಮ, ನಿನಗೆ ಅರವತ್ತೇಳು, ನಿಧಾನ ಹೋಗು’ ಎಂಬ ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಬಗೆಯಲ್ಲಿ ತಿದ್ದಿದಳು. ಯಾವುದೂ ಬಾಯಿಗೆ ಬರಲಿಲ್ಲ. ದಿನವೂ ಐದರಿಂದ ಆರರವರೆಗೆ ಕಿಟಕಿಯಲ್ಲಿ ನಿಂತು ಉಗುರು ಕಚ್ಚಿದಳು. ಕೊನೆಗೆ ಕಾರಿನ ಕೈಪಿಡಿ ತೆಗೆದು ನಾನೂರು ಪುಟವನ್ನೂ ಓದಿದಳು. ನಾಲ್ಕು ಅಚ್ಚಿನ ತಪ್ಪು ಸಿಕ್ಕವು. ಮುನ್ನೂರ ಅರವತ್ತೊಂದನೆಯ ಪುಟದಲ್ಲಿ ದಾರಿಯೂ ಸಿಕ್ಕಿತು: ಡಿಕ್ಕಿಯ ಕಾರ್ಪೆಟ್ಟಿನ ಕೆಳಗೆ ಒಂದು ಫ್ಯೂಸ್ ಪೆಟ್ಟಿಗೆ, ಅದರಲ್ಲಿ ಮೂವತ್ತೊಂದನೆಯದು ಪರದೆಯ ಫ್ಯೂಸು.

ಅದನ್ನು ತೆಗೆದರೆ ಇಂಜಿನ್ ನಿಲ್ಲುವುದಿಲ್ಲ, ಪರದೆಯಷ್ಟೇ ಕಪ್ಪಾಗುತ್ತದೆ. ಅಮ್ಮನಿಗೆ ಅಷ್ಟು ಸಾಕೆಂದು ಅವಳಿಗೆ ಗೊತ್ತಿತ್ತು. ಡಿಪೋದ ನಿಯಮ ಅಮ್ಮನ ರಕ್ತದಲ್ಲಿತ್ತು: ಗಾಡಿಯ ಸುತ್ತ ಒಂದು ಸುತ್ತು ಹೋಗಬೇಕು, ಒಂದೊಂದು ದೀಪ, ಒಂದೊಂದು ಮುಳ್ಳು ನೋಡಬೇಕು, ಒಂದೇ ಒಂದು ಕೆಲಸ ಮಾಡದಿದ್ದರೂ ಗಾಡಿ ಗೇಟು ದಾಟಬಾರದು. ಮತ್ತೆ, ಡ್ರೈವರಾದವಳು ಕಂಪ್ಲೇಂಟ್ ಬರೆಯಬೇಕು, ವೈರು ಮುಟ್ಟಬಾರದು. ಮುಟ್ಟುವುದು ಎಲೆಕ್ಟ್ರಿಷಿಯನ್ನನ ಕೆಲಸ. ಬೇರೆ ಯಾರೇ ಆಗಿದ್ದರೂ ಪರದೆ ಹೋದರೆ ಹೋಯಿತು ಎಂದು ಓಡಿಸುತ್ತಿದ್ದರು, ಇಲ್ಲವೇ ಫ್ಯೂಸು ಹುಡುಕುತ್ತಿದ್ದರು. ಅಮ್ಮ ಎರಡೂ ಮಾಡಲಿಲ್ಲ. ಪರದೆ ಕಪ್ಪಾಗಿದ್ದ ಬೆಳಗಿನಲ್ಲಿ ಕಾರಿನ ಬಾಗಿಲು ಮೆಲ್ಲಗೆ ಹಾಕಿ ಒಳಗೆ ಬಂದಳು.

ರಾತ್ರಿ ಹನ್ನೊಂದಕ್ಕೆ ಫ್ಯೂಸು ತೆಗೆಯುವುದು, ಬೆಳಗ್ಗೆ ಏಳೂವರೆಗೆ ಅಮ್ಮ ಸ್ನಾನಕ್ಕೆ ಹೋದಾಗ ವಾಪಸು ಹಾಕುವುದು. ನಾಲ್ಕು ದಿನ ಹೀಗಾದರೆ ಬೇಸತ್ತು ಬಿಟ್ಟುಬಿಡುತ್ತಾಳೆ ಎಂದುಕೊಂಡಿದ್ದಳು. ಆದರೆ ಅಮ್ಮ ಹಗಲು ಕಾರನ್ನು ವರ್ಕ್‌ಶಾಪಿಗೆ ಒಯ್ದಳು. ಅಲ್ಲಿ ಪರದೆ ಕನ್ನಡಿಯ ಹಾಗೆ ಹೊಳೆಯಿತು. ಒಂದು ವಾರ ಬಿಟ್ಟು ಮತ್ತೆ ಒಯ್ದಳು, ಮತ್ತೆ ಹೊಳೆಯಿತು. ವರ್ಕ್‌ಶಾಪಿನವರು ಅಮ್ಮನನ್ನು ನೋಡಿದ ರೀತಿ ಬದಲಾಯಿತು. ಅಣ್ಣನ ಕಿವಿಗೆ ಬಿತ್ತು. ಫೋನ್ ಮಾಡಿ ಅಮ್ಮನಿಗೆ ಡಾಕ್ಟರರ ಸಮಯ ಹೇಳಿದ, ಆಮೇಲೆ ತಂಗಿಗೆ:

“ಕಾರಲ್ಲಿ ಏನೂ ತೊಂದ್ರೆ ಇಲ್ವಂತೆ ಕಣೇ ಪುಟ್ಟಿ. ಅಮ್ಮ ಏನೋ ಕಲ್ಪನೆ ಮಾಡ್ಕೋತಿದ್ದಾಳೆ. ದೊಡ್ಡಮ್ಮಂಗೂ ಹೀಗೇ ಶುರುವಾಗಿದ್ದು, ನೆನಪಿದ್ಯಾ?”

ನೆನಪಿಲ್ಲದೆ ಏನು? ಅಮ್ಮನ ಅಕ್ಕ ಕೊನೆಯ ವರ್ಷಗಳಲ್ಲಿ ಕನ್ನಡಿಯಲ್ಲಿ ಕಂಡ ಹೆಂಗಸಿಗೆ ‘ಒಳಗೆ ಬನ್ನಿ’ ಎನ್ನುತ್ತಿದ್ದಳು. ಆ ಫೋನಿನ ದಿನದಿಂದ ಅಮ್ಮ ಪರದೆಯ ಮಾತೆತ್ತುವುದನ್ನೇ ಬಿಟ್ಟಳು. ಮಗಳು ಮಾತ್ರ ಫ್ಯೂಸು ಬಿಡಲಿಲ್ಲ. ಈಗ ಬಿಟ್ಟರೆ ಪರದೆ ತಾನಾಗಿ ಸರಿಹೋಗುತ್ತದೆ. ಸರಿಹೋದರೆ ಅಮ್ಮನದು ಕಲ್ಪನೆಯೆಂದೇ ಆಗುತ್ತದೆ. ಬಿಡದಿದ್ದರೂ ಅದೇ ಆಗುತ್ತದೆ. ಎರಡರ ಮಧ್ಯೆ ಸಿಕ್ಕಿ ಒದ್ದಾಡುತ್ತ ಅದನ್ನೇ ಮುಂದುವರಿಸಿದಳು. ನಿನ್ನೆ ಬೆಳಗ್ಗೆ ಫ್ಯೂಸು ವಾಪಸು ಹಾಕಿದಾಗ ಪರದೆ ಹೊತ್ತಲಿಲ್ಲ. ಗುರುತು ಮೂಡುತ್ತದೆ, ಆರುತ್ತದೆ. ಟಿಕ್.

*

ಸೋಮವಾರ ಬೆಳಗ್ಗೆ ಕಾರನ್ನು ಎಳೆದೊಯ್ಯಲು ಟ್ರಕ್ಕು ಬಂತು. ಕೆಟ್ಟ ಗಾಡಿಯನ್ನು ತಾನು ಓಡಿಸುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದಳು. ಟ್ರಕ್ಕಿನ ಕ್ಯಾಬಿನ್ನಿನಲ್ಲಿ ಅಮ್ಮ, ಮಗಳು, ಡ್ರೈವರು ಒತ್ತರಿಸಿಕೊಂಡು ಕೂತರು. ಮೊದಲ ತಿರುವಿಗೇ ಅಮ್ಮ ಡ್ರೈವರನಿಗೆ ಹೇಳಿದಳು:

“ಏನಪ್ಪಾ, ಕ್ಲಚ್ ಮೇಲೆ ಕಾಲಿಟ್ಕೊಂಡೇ ಹೋಗ್ತೀಯಲ್ಲ. ಅದೇನು ಮನೆ ಹೊಸ್ತಿಲಾ?”

ಅವನು ಕಾಲು ತೆಗೆದ. ಆಮೇಲೆ ದಾರಿಯುದ್ದಕ್ಕೂ ಪರೀಕ್ಷೆ ಬರೆಯುವವನ ಹಾಗೆ ಓಡಿಸಿದ. ಹತ್ತು ನಿಮಿಷದ ಮಟ್ಟಿಗೆ ಅಮ್ಮ ಹಳೆಯ ಅಮ್ಮನಾಗಿದ್ದಳು.

ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್ನನಿಗೆ ಐವತ್ತರ ಮೇಲಾಗಿತ್ತು. ತಲೆ ತುಂಬ ಗುಂಗುರು ಕೂದಲು ಇದ್ದದ್ದಕ್ಕೆ ಎಲ್ಲರೂ ಗುಂಗುರಣ್ಣ ಎನ್ನುತ್ತಿದ್ದರು. ಹಿಂದೆ ಎರಡು ಸಲ ‘ಎಲ್ಲ ಸರಿಯಾಗಿದೆ’ ಎಂದು ಕಳಿಸಿದ್ದವನೂ ಅವನೇ. ಪರದೆ ಮೂಡಿ ಆರುವುದನ್ನು ನಾಲ್ಕು ಸಲ ನೋಡಿದ. ಮುಖ ಸಣ್ಣಗಾಯಿತು.

“ತಪ್ಪಾಯ್ತು ಅಮ್ಮಾ. ನೀವು ಹೇಳಿದ್ದು ನಿಜ ಇತ್ತು.”

“ತಪ್ಪಾಯ್ತು ಅಂತ ಆಮೇಲೆ ಹೇಳು. ಏನಾಗಿದೆ ಅಂತ ಮೊದಲು ಹೇಳು” ಎಂದು ಅಮ್ಮ ಅಂಗಳದ ಮೂಲೆಯಲ್ಲಿ ಚಕ್ರವಿಲ್ಲದೆ ನಿಂತಿದ್ದ ಹಳೆಯ ಬಸ್ಸಿನ ಕಡೆ ಹೋದಳು. ಅದರ ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ನಿಂತಳು.

ಗುಂಗುರಣ್ಣ ಲ್ಯಾಪ್‌ಟಾಪಿನ ವೈರನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ. ಸಾಲುಸಾಲಾಗಿ ಅಂಕಿಗಳು ಇಳಿದು ಬಂದವು. ಅವನು ಓದುತ್ತ ಹೋದ ಹಾಗೆ ಹುಬ್ಬು ಮೇಲೇರುತ್ತ ಹೋಯಿತು. ಅವಳು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಸುತ್ತಿ ಬಿಚ್ಚಿದಳು.

“ಈ ಕಾರಲ್ಲಿ ಇನ್ನೊಂದು ಪೆಟ್ಟಿಗೆ ಇರುತ್ತೆ ಮೇಡಂ. ಚಾಡಿಕೋರ. ಯಾವಾಗ ಏನಾಯ್ತು ಅಂತ ಎಲ್ಲ ಬರೆದಿಟ್ಟಿರುತ್ತೆ. ಆವತ್ತು ಇದನ್ನ ಕೇಳಲೇ ಇಲ್ಲ ನಾನು.” ದನಿ ತಗ್ಗಿಸಿದ. “ದಿನಾ ರಾತ್ರಿ ಹನ್ನೊಂದು, ಹನ್ನೊಂದೂ ಕಾಲಿಗೆ ಸ್ಕ್ರೀನಿಗೆ ಕರೆಂಟ್ ಕಟ್ಟು. ಬೆಳಗ್ಗೆ ಏಳೂವರೆಗೆ ವಾಪಸು. ಸ್ಕ್ರೀನು ಆರಿದ ಮೇಲೂ ಅದು ಒಳಗೊಳಗೆ ಬರೀತಾ ಇರುತ್ತೆ. ಬರೆಯೋ ಕೈಯಿಂದ ಪೆನ್ನು ಕಿತ್ತುಕೊಂಡ ಹಾಗೆ, ಹದಿನೆಂಟು ಸಲ. ನೆನಪಿನ ಚಿಪ್ಪೇ ಹಾಳಾಗಿದೆ.” ಇನ್ನೊಂದು ಸಾಲಿಗೆ ಬೆರಳಿಟ್ಟ: “ಮಧ್ಯೆ ಒಂದು ರಾತ್ರಿ ಮಾತ್ರ ಬಿಟ್ಟುಹೋಗಿದೆ, ಹನ್ನೊಂದನೇ ತಾರೀಖಿನ ಹಿಂದಿನ ರಾತ್ರಿ. ಅದ್ಯಾಕೋ.”

“ಆವತ್ತು ಹಲ್ಲುನೋವು. ಮಾತ್ರೆ ತಗೊಂಡು ಮಲಗಿಬಿಟ್ಟೆ” ಎಂದಳು ಅವಳು.

ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು. ಗುಂಗುರಣ್ಣ ಅವಳನ್ನು ನೋಡಲಿಲ್ಲ. ಬಸ್ಸಿನ ಬಳಿ ನಿಂತಿದ್ದ ಅಮ್ಮನನ್ನು ನೋಡಿದ.

“ಅವರಿಗೆ ಗೊತ್ತಾ?”

ಅವಳು ತಲೆಯಾಡಿಸಿದಳು, ಇಲ್ಲವೆಂದು.

“ನಾನು ಹೇಳಲಾ?”

“ಬೇಡ. ನಾನೇ ಹೇಳ್ತೀನಿ.”

ಅವನು ಆ ಪಟ್ಟಿಯನ್ನು ಎರಡು ಹಾಳೆಯಲ್ಲಿ ಮುದ್ರಿಸಿ ಮಡಚಿ ಕೊಟ್ಟ. “ಬುಧವಾರ ಗಾಡಿ ಕೊಡ್ತೀನಿ. ಹೊಸ ಚಿಪ್ಪು ಹಾಕಬೇಕು. ಅಮ್ಮನಿಗೆ ಚಿಪ್ಪು ಹೋಗಿದೆ ಅಂತಷ್ಟೇ ಹೇಳಿರ್ತೀನಿ. ಅದೂ ಸುಳ್ಳಲ್ಲ ನೋಡಿ. ಆದ್ರೆ ಮೇಡಂ, ಹೋದ ಸಲ ಅವರು ಇಲ್ಲೇ ನಿಂತು ‘ನನ್ನ ಕಣ್ಣು ಸರಿ ಇದ್ಯಾ ನೋಡಪ್ಪ’ ಅಂದ್ರು. ನಾನು ನಕ್ಕುಬಿಟ್ಟೆ.”

*

ಸೋಮವಾರ ರಾತ್ರಿ ಅವಳು ಅಮ್ಮನ ಕೋಣೆಯ ಬಾಗಿಲವರೆಗೆ ಹೋಗಿ, ನೀರು ಬೇಕಾ ಎಂದು ಕೇಳಿ ಬಂದಳು. ಮಂಗಳವಾರ ಬೆಳಗ್ಗೆ ಹೇಳಬೇಕೆನ್ನುವಷ್ಟರಲ್ಲಿ ಅಮ್ಮ ಸ್ನಾನಕ್ಕೆ ಹೋದಳು. ಆಫೀಸಿನಲ್ಲಿ ಐದನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ‘ಹೃದಯ’ ಎಂಬ ಪದ ಒಂದೇ ಪುಟದಲ್ಲಿ ಎರಡು ಸಲ ತಪ್ಪಾಗಿದ್ದದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಮೇಲಿನವರು ಕರೆದು ತೋರಿಸಿದರು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ಬುಧವಾರ ಸಂಜೆ ಕಾರು ಸರಿಯಾಗಿ ಮನೆಗೆ ಬಂತು. ಅಮ್ಮ ಷೆಡ್ಡಿಗೆ ಹೋಗಿ ಬಾಗಿಲಲ್ಲೇ ನಿಂತು ನೋಡಿ, ಹತ್ತಿರ ಹೋಗದೆ ವಾಪಸು ಬಂದಳು. ಊಟದ ಮೇಜಿನ ಮುಂದೆ ಕೂತು, ಕಣ್ಣು ಮುಚ್ಚಿ ಗುನುಗತೊಡಗಿದಳು. ಹಾಡಲ್ಲ.

“ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಎಪ್ಪತ್ತ... ತಡಿ. ಎಪ್ಪತ್ತಮೂರಾ?”

“ಎಪ್ಪತ್ತೆರಡು. ಏನಮ್ಮ ಇದು?”

“ನೂರರಿಂದ ಏಳೇಳು ಕಳೀತಾ ಹೋಗು ಅಂತಾರಂತೆ ನಾಳೆ. ನಿನ್ನಣ್ಣ ಹೇಳಿದ.” ಅಮ್ಮ ಹಣೆ ಉಜ್ಜಿಕೊಂಡಳು. “ನನ್ನ ಹದಿನಾಲ್ಕನೇ ನಂಬರ್ ರೂಟಿನ ಮೂವತ್ತೊಂದು ಸ್ಟಾಪು ಕೇಳಲಿ. ಹೋಗ್ತಾ ಹೇಳ್ತೀನಿ, ಬರ್ತಾ ಹೇಳ್ತೀನಿ. ಅದು ಕೇಳಲ್ವಂತೆ.” ಆಮೇಲೆ ಬಹಳ ಸಣ್ಣ ದನಿಯಲ್ಲಿ: “ಅಕ್ಕನ ಹಾಗೆ ಆದ್ರೆ ನನ್ನನ್ನ ಕನ್ನಡಿ ಇರೋ ಕೋಣೇಲಿ ಮಲಗಿಸ್ಬೇಡ ಕಣೇ.”

ಇನ್ನು ತಡೆಯಲಾಗಲಿಲ್ಲ. ಮೂರು ದಿನ ತಿದ್ದಿ ತೀಡಿ ಇಟ್ಟುಕೊಂಡಿದ್ದ ವಾಕ್ಯಗಳೆಲ್ಲ ಎಲ್ಲಿ ಹೋದವೋ.

“ಅಮ್ಮ, ಸ್ಕ್ರೀನ್ ಕೆಡಿಸಿದ್ದು ನಾನು.”

ಅಮ್ಮ ಕಣ್ಣು ಬಿಟ್ಟಳು.

“ಫ್ಯೂಸ್ ತೆಗೀತಿದ್ದೆ. ರಾತ್ರಿ ನೀನು ಮಲಗಿದ ಮೇಲೆ. ಬೆಳಗ್ಗೆ ನೀನು ಸ್ನಾನಕ್ಕೆ ಹೋದಾಗ ಹಾಕ್ತಿದ್ದೆ. ಅದಕ್ಕೇ ವರ್ಕ್‌ಶಾಪಲ್ಲಿ ಏನೂ ಕಾಣ್ತಿರಲಿಲ್ಲ. ನಿನ್ನ ತಲೆ ಸರಿಯಾಗಿದೆ. ನಿನ್ನ ಕಣ್ಣು ಸರಿಯಾಗಿದೆ. ಎಲ್ಲ ನಾನೇ.”

ಗೋಡೆಯ ಆಚೆ ನೆರೆಮನೆಯವರ ಕುರ್ಚಿ ಎಳೆದ ಸದ್ದಾಯಿತು. ಅಮ್ಮನ ಮುಖದಲ್ಲಿ ಏನು ನಡೆಯುತ್ತಿದೆಯೆಂದು ಓದಲಾಗಲಿಲ್ಲ.

“ಯಾವ ಫ್ಯೂಸು?” ಎಂದಳು ಕೊನೆಗೆ.

“ಡಿಕ್ಕೀಲಿ, ಕಾರ್ಪೆಟ್ ಕೆಳಗೆ. ಮೂವತ್ತೊಂದನೇದು.”

“ಯಾಕೆ?”

“ನೂರ ಎಂಬತ್ತೇಳು.”

ಅಮ್ಮನ ಕೈ ಬಲಕಿವಿಗೆ ಹೋಯಿತು. ಸುಳ್ಳು ಹೇಳುವ ಮುಂಚೆ ಅದು ಹಾಗೆ ಹೋಗುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. “ಅದು ಒಂದೇ ಒಂದು ಸಲ. ಇಳಿಜಾರಿತ್ತು.”

“ಅಮ್ಮ, ಆ ರಸ್ತೆ ಮೇಜಿನ ಹಾಗಿದೆ.”

ಮೊದಲು ಅಮ್ಮನ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡು ಅವಳು ಎದ್ದಳು. ಅಳುತ್ತಲೂ ಇದ್ದಳು, ಆದರೆ ಅದಕ್ಕಿಂತ ಹೆಚ್ಚಾಗಿ ನಗುತ್ತಿದ್ದಳು. ಮೇಜಿಗೆ ಅಂಗೈ ಬಡಿದು ನಗುತ್ತಿದ್ದಳು. “ಅಯ್ಯೋ ನಿನ್ನ! ಸರಿಯಾಗಿದೆಯಂತೆ ಕಣೇ ನನ್ನ ತಲೆ!” ಎಂದು ಎದ್ದು ಬಂದು ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಪ್ರೀತಿಯ ಗುದ್ದಲ್ಲ, ನಿಜವಾಗಿ ನೋಯುವ ಗುದ್ದು. ಗುದ್ದಿದ ಜಾಗವನ್ನೇ ಸವರಿದಳು. “ಗೂಬೆ. ಮಳ್ಳಿ. ಬಾಯಿಬಿಟ್ಟು ಬೈದಿದ್ರೆ ಆಗ್ತಿರಲಿಲ್ವಾ? ಹೊಟ್ಟೇಲಿ ಇಟ್ಕೊಂಡು ಹತ್ತೊಂಬತ್ತು ದಿನ ನನ್ನನ್ನ ಹುಚ್ಚಿ ಮಾಡಿದೆಯಲ್ಲೇ!”

ಹದಿನೆಂಟು, ಎಂದು ಅವಳ ನಾಲಿಗೆಯ ತುದಿಗೆ ಬಂತು. ಪ್ರೂಫ್ ನೋಡುವವಳ ಅಭ್ಯಾಸ. ಆದರೆ ಅಮ್ಮ ಆಗಲೇ ನೋಟ್‌ಬುಕ್ಕು ತೆರೆದು ಅವಳ ಮುಂದೆ ಇಟ್ಟಿದ್ದಳು.

“ನೋಡು, ಎಲ್ಲ ಬರೆದಿದ್ದೀನಿ. ದೊಡ್ಡಮ್ಮ ಬರೆದಿಡ್ತಿದ್ಲಾ ಹೀಗೆ? ಎಣಿಸು. ಹತ್ತೊಂಬತ್ತು.”

ಟ್ರಿಪ್ ಶೀಟಿನ ಹಾಗೆ ಗೆರೆ ಹಾಕಿ ಬರೆದ ಪುಟ. ತಾರೀಖು, ಸಮಯ, ಷರಾ. ಪ್ರತಿ ಸಾಲಿನಲ್ಲೂ ಅದೇ ದುಂಡನೆಯ ಅಕ್ಷರ: ‘ಪರದೆ ಕಪ್ಪು. ಗಾಡಿ ತೆಗೆಯಲಿಲ್ಲ.’ ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಹತ್ತನೆಯ ತಾರೀಖು. ಹನ್ನೊಂದು. ಹನ್ನೆರಡು. ಒಂದು ದಿನವೂ ಬಿಟ್ಟಿರಲಿಲ್ಲ. ‘11. ಬೆಳಿಗ್ಗೆ 5.05. ಪರದೆ ಕಪ್ಪು. ಗಾಡಿ ತೆಗೆಯಲಿಲ್ಲ.’

ಹನ್ನೊಂದರ ಹಿಂದಿನ ರಾತ್ರಿ ಅವಳು ಫ್ಯೂಸು ಮುಟ್ಟಿರಲಿಲ್ಲ.

“ನೀರು ತರ್ತೀನಿ” ಎಂದು ಅಡುಗೆಮನೆಗೆ ಹೋದಳು. ಕೈಚೀಲ ಅಲ್ಲೇ ಕೊಕ್ಕೆಯಲ್ಲಿತ್ತು. ಗುಂಗುರಣ್ಣ ಕೊಟ್ಟ ಹಾಳೆ ತೆಗೆದಳು. ಮೊದಲ ಹಾಳೆಯನ್ನು ಸೋಮವಾರವೇ ಓದಿದ್ದಳು. ಅದು ಅವಳ ಅಪರಾಧದ ಪಟ್ಟಿ. ಎರಡನೆಯದನ್ನು ನೋಡಿರಲಿಲ್ಲ. ಅದರಲ್ಲಿ ಗಾಡಿ ಓಡಿದ ಲೆಕ್ಕವಿತ್ತು. ವರ್ಕ್‌ಶಾಪಿಗೆ ಹೋಗಿ ಬಂದ ಎರಡು ಸಾಲು ಬಿಟ್ಟರೆ ಆ ಹತ್ತೊಂಬತ್ತು ದಿನಗಳಲ್ಲಿ ಒಂದೇ ಒಂದು ಸಾಲು: ತಾರೀಖು ಹನ್ನೊಂದು. ಐದೂ ಒಂಬತ್ತಕ್ಕೆ ಶುರು. ಆರೂ ಎರಡಕ್ಕೆ ಬಂದ್. ನಲವತ್ತನಾಲ್ಕು ಕಿಲೋಮೀಟರ್. ಪರದೆ, ಚಾಲೂ.

ಲೋಟ ತುಂಬಿ ನೀರು ಅವಳ ಕೈಮೇಲೆ ಹರಿಯಿತು. ನಲ್ಲಿ ನಿಲ್ಲಿಸಿದಳು.

ಮೊದಲೇ ಬರೆದಿಟ್ಟು ಆಮೇಲೆ ಹೊರಟಿರಬಹುದು. ದಿನವೂ ಕಪ್ಪಾಗಿರುವುದನ್ನು ನೋಡಿ ಕೈ ತಾನಾಗಿ ಬರೆದಿರಬಹುದು. ಇಲ್ಲವೇ ಹೋಗಿಬಂದು, ಮಗಳು ಓದಿಯಾಳೆಂದು ಬೇಕಂತಲೇ ಸುಳ್ಳು ಬರೆದಿರಬಹುದು. ಅಮ್ಮ ಅಷ್ಟು ಜಾಣೆ. ಸುಳ್ಳೇ ಆಗಿರಲಿ, ಎಂದುಕೊಂಡಳು. ಅಮ್ಮ ಸುಳ್ಳು ಹೇಳಿರಲಿ ಎಂದು ಅವಳು ಇಷ್ಟು ಆಸೆಯಿಂದ ಎಂದೂ ಬಯಸಿರಲಿಲ್ಲ.

ನೀರು ತಂದಿಟ್ಟು, ಆದಷ್ಟು ಸಹಜವಾಗಿ ಕೇಳಿದಳು. “ಈ ಹತ್ತೊಂಬತ್ತು ದಿನದಲ್ಲಿ ಒಂದು ಸಲಾನೂ ಹೋಗಿಲ್ವಾ ಅಮ್ಮ? ಕದ್ದು ಮುಚ್ಚಿ? ನಾನೇನೂ ಬೈಯಲ್ಲ.”

“ಎಲ್ಲಿಂದ ಹೋಗ್ಲಿ? ನೀನು ಬಿಟ್ರೆ ತಾನೆ!” ಅಮ್ಮ ನೀರನ್ನು ಗಟಗಟ ಕುಡಿದಳು. ಇನ್ನೊಂದು ಕೈ ಮೇಜಿನ ಮೇಲೆ ಹಾಯಾಗಿ ಬಿದ್ದಿತ್ತು. ಕಿವಿಯ ಕಡೆ ಅಲುಗಲೂ ಇಲ್ಲ. ಕಣ್ಣು ತಿಳಿಯಾಗಿತ್ತು. “ಒಂದು ದಿನ ಕನಸು ಬಿದ್ದಿತ್ತು ನೋಡು. ಸ್ಕ್ರೀನು ಹೊತ್ತಿದೆ, ರಸ್ತೆ ಖಾಲಿ, ನಿನ್ನ ಮಾವ ಪಕ್ಕದಲ್ಲಿ ಕೂತಿದ್ದಾನೆ. ಎಷ್ಟು ಚೆನ್ನಾಗಿತ್ತು ಗೊತ್ತಾ. ಎದ್ದು ನೋಡಿದ್ರೆ ಅದೇ ಕಪ್ಪು.” ಲೋಟ ಕೆಳಗಿಟ್ಟು, ಮಗಳ ಮುಖವನ್ನೇ ನೋಡಿದಳು. “ಹತ್ತೊಂಬತ್ತೂ ನೀನೇ ತಾನೆ?”

ಅಮ್ಮನ ದನಿಯಲ್ಲಿ ಈಗ ನಗು ಇರಲಿಲ್ಲ. ಹಿಡಿದಿಟ್ಟುಕೊಂಡ ಉಸಿರಿತ್ತು.

“ಹತ್ತೊಂಬತ್ತೂ ನಾನೇ” ಎಂದಳು ಅವಳು.

ಅಮ್ಮ ನೋಟ್‌ಬುಕ್ಕು ಮುಚ್ಚಿದಳು. ಅದೇ ಹೊತ್ತಿಗೆ ಫೋನು ಬಂತು. ಅಮ್ಮನೇ ಎತ್ತಿಕೊಂಡಳು. “ಹೂಂ ಕಣೋ, ಬಂತು ಕಾರು. ಏನೂ ಇಲ್ಲ, ಫ್ಯೂಸು ಸಡಿಲ ಆಗಿತ್ತಂತೆ, ಅದರಿಂದ ಒಳಗೆ ಚಿಪ್ಪು ಹೋಯ್ತಂತೆ. ನನಗೇನಾಗಿದೆ? ಕಲ್ಲುಗುಂಡು. ಡಾಕ್ಟ್ರಿಗೆ ನಮಸ್ಕಾರ ಹೇಳಿಬಿಡು, ಬೇಕಾದ್ರೆ ನೀನು ಹೋಗಿ ತೋರಿಸ್ಕೊಂಡು ಬಾ, ಹೋದ ವರ್ಷ ನನ್ನ ಹುಟ್ಟಿದ ದಿನ ಮರೆತಿದ್ದೋನು ನೀನು.” ಮಗಳ ಕಡೆ ಕಣ್ಣು ಹೊಡೆದು ಫೋನು ಅವಳ ಕೈಗೆ ಕೊಟ್ಟಳು. ಕಾರನ್ನು ನೋಡಲು ಷೆಡ್ಡಿನ ಕಡೆ ಹೋದಳು; ಹೋಗುತ್ತ ಗು‌ನುಗುತ್ತಿದ್ದಳು.

“ಪುಟ್ಟಿ, ನಿಜ ಹೇಳು” ಎಂದ ಅಣ್ಣ. “ಫ್ಯೂಸಾ? ಇಷ್ಟು ದಿನ ಬರೀ ಫ್ಯೂಸಾ?”

“ಬರೀ ಫ್ಯೂಸು.”

“ಅಮ್ಮ ಸರಿಯಾಗಿದ್ದಾಳೆ ಅಂತೀಯಾ? ಡಾಕ್ಟ್ರು ಬೇಡ್ವಾ?”

ಷೆಡ್ಡಿನಲ್ಲಿ ಕಾರಿನ ಬಾಗಿಲು ತೆರೆದ ಸದ್ದಾಯಿತು. ಅಮ್ಮ ಗಾಡಿಯ ಸುತ್ತ ಒಂದು ಸುತ್ತು ಹೋಗುತ್ತಿದ್ದಳು; ಬೆಳಕು ಎಡಕ್ಕೆ, ಬಲಕ್ಕೆ ಹೊತ್ತಿ ಆರುತ್ತಿತ್ತು. ಒಂದು ಸಾಲು. ಹತ್ತೊಂಬತ್ತರಲ್ಲಿ ಒಂದೇ ಒಂದು ಸಾಲು. ಅವಳ ಕೆಲಸದಲ್ಲಿ ಒಂದು ಸಾಲಿನ ತಪ್ಪಿಗಾಗಿ ಇಡೀ ಪುಸ್ತಕವನ್ನು ವಾಪಸು ತರಿಸಿದ್ದಿದೆ. ಇಡೀ ಹಾಳೆಯನ್ನು ಯಾರೂ ಓದದೆ ಬಿಟ್ಟದ್ದೂ ಇದೆ.

“ಈ ವಾರ ಬೇಡ” ಎಂದಳು. “ನಾನು ಜೊತೇಲಿರ್ತೀನಿ. ಬೆಳಗ್ಗೆ ನಾನೂ ಅವಳ ಜೊತೆ ಹೋಗ್ತೀನಿ.”

“ನೀನಾ? ಆ ಕಾರಲ್ಲಾ? ಲಿಫ್ಟಲ್ಲೇ ಕಣ್ಣು ಮುಚ್ಕೊಳ್ಳೋಳು ನೀನು!”

“ಕಣ್ಣು ಬಿಟ್ಕೊಂಡೇ ಹೋಗ್ತೀನಿ” ಎಂದು ಫೋನಿಟ್ಟಳು.

ನಾಳೆ ಬೆಳಗ್ಗೆ ಐದಕ್ಕೆ ಪಕ್ಕದ ಸೀಟಿನಲ್ಲಿ ಕೂರಬೇಕು. ಮುಳ್ಳು ನೂರು ದಾಟಿದರೆ ಈ ಸಲ ಬಾಯಿಬಿಟ್ಟು ಹೇಳಬೇಕು. ಯಾವ ತಿರುವಿನಲ್ಲಿ ಅಮ್ಮ ಸ್ವಲ್ಪ ತಡೆದು ದಾರಿ ಯೋಚಿಸುತ್ತಾಳೆ, ಮನೆಗೆ ಬಂದ ಮೇಲೆ ಏನು ಬರೆಯುತ್ತಾಳೆ, ಎಲ್ಲ ನೋಡುತ್ತಿರಬೇಕು. ಇನ್ನೊಂದು ಸಾಲು ಹೀಗೇ ಕಂಡರೆ ಆ ದಿನವೇ ತಾನೇ ಕೈಹಿಡಿದು ಡಾಕ್ಟರರ ಬಳಿಗೆ ಕರೆದೊಯ್ಯಬೇಕು. ಕಾಣದಿದ್ದರೆ, ಅದೊಂದು ಕನಸೇ ಆಗಿರಲಿ. ಎರಡನೆಯ ಹಾಳೆಯನ್ನು ನಾಲ್ಕಾಗಿ, ಎಂಟಾಗಿ, ಮತ್ತೆ ಹದಿನಾರಾಗಿ ಹರಿದು ಕಸದ ಬುಟ್ಟಿಯ ತಳಕ್ಕೆ ತಳ್ಳಿದಳು. ಅಣ್ಣನಿಗಲ್ಲ, ಗುಂಗುರಣ್ಣನಿಗಲ್ಲ, ಅಮ್ಮನಿಗಂತೂ ಅಲ್ಲ: ಹನ್ನೊಂದನೆಯ ತಾರೀಖಿನ ಮಾತನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಕೈ ತೊಳೆದುಕೊಂಡು ಷೆಡ್ಡಿನ ಕಡೆ ನಡೆದಳು.